ಕೆಂಪು ಕಂಬದ ಹತ್ತಿರ

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನನ್ನ ಹೆಂಡತಿ ಶಿವದೇವಿ ಮಂಜಿನಲ್ಲಿ ಕಾಣೆಯಾದಳು. ಹೈದರಾಬಾದಿನಿಂದ ಜಾರ್ಜಿಯಾ ದೇಶಕ್ಕೆ ಸ್ಕೀಯಿಂಗ್‌ಗೆ ಹೋಗಿದ್ದೆವು. ಇಬ್ಬರಲ್ಲೂ ಒಂದೊಂದು ವಾಕಿಟಾಕಿ ಇತ್ತು. ಮೂರೂವರೆಗೆ ಅವಳ ದನಿ ಬಂತು.

“ಕೆಂಪು ಕಂಬದ ಹತ್ರ ಅದೀನ್ರಿ. ಇಲ್ಲಿ ಭಾಳ ಸೆಕಿ ಐತಿ.”

“ಹಿಮದಾಗ ಸೆಕಿನಾ, ಹುಚ್ಚಿ?”

ವಾಕಿಟಾಕಿಯಲ್ಲಿ ಕುಕ್ಕರ್ ಮೂರು ಸಲ ಕೂಗಿದ್ದು ಕೇಳಿಸಿತು.

ಸ್ಕೀಯಿಂಗ್ ದಾರಿಯ ಗುರುತಿಗೆ ನೆಟ್ಟಿದ್ದ ಆ ಕಂಬದತ್ತ ರಕ್ಷಣಾ ತಂಡದವರನ್ನು ಕರೆದೊಯ್ದೆ. ಕಂಬದ ಬುಡದಲ್ಲೇ ಕಾಲು ಮುರಿದುಕೊಂಡು ಬಿದ್ದಿದ್ದಳು. ಅವಳ ವಾಕಿಟಾಕಿಯಲ್ಲಿ ಸೆಲ್ ಇರಲಿಲ್ಲ.

“ಮನ್ಯಾಗ ಟಾರ್ಚಿಂದು ತೆಗೆದಿಡ್ತೀನಲ್ರಿ, ಹಂಗ ರಾತ್ರಿ ತೆಗೆದಿಟ್ಟಿದ್ದೆ. ಹಾಕೋದು ಮರ್ತೆ,” ಎಂದಳು.

ಹೈದರಾಬಾದಿನ ಮಣಿಕೊಂಡದ ಮನೆಗೆ ಮರಳಿದಾಗ ಪಕ್ಕದ ಮನೆಯ ಕುಮುದಾ ಕೇಳಿದರು: “ಬೀಗ ಹಾಕಿದ್ದ ನಿಮ್ಮನೇಲಿ ಮಂಗಳವಾರ ಸಂಜೆ ಐದಕ್ಕೆ ಕುಕ್ಕರ್ ಕೂಗ್ತಿತ್ತು. ಯಾರಿದ್ರು?”

ಇಲ್ಲಿ ಐದಾದಾಗ ಜಾರ್ಜಿಯಾದಲ್ಲಿ ಮೂರೂವರೆ.