ಮಂಚಕ್ಕೆ ಬಿದ್ದ ಕೆಂಪು ಪಟ್ಟಿ

ಬೆಳಗಿನ ರೌಂಡ್ಸ್‌ಗೆ ಬಂದ ಡಾಕ್ಟರ್ ಊರ್ಮಿಳಾ, ರೋಗಿ ಗಂಗಾಧರಪ್ಪನವರ ಭುಜ ಅಲುಗಿಸಿದರು. ಕಣ್ಣು ತೆರೆಯಲಿಲ್ಲ. ಅವರ ಅಂಗೈಯಲ್ಲಿ ತಮ್ಮ ಬೆರಳಿಟ್ಟು, "ಹಿಡೀರಿ" ಎಂದರು. ಹಿಡಿಯಲಿಲ್ಲ.

ತಿರುವೊಟ್ಟಿಯೂರಿನ ಆ ಸಣ್ಣ ಆಸ್ಪತ್ರೆಯಲ್ಲಿ ಸಾವು ಎಷ್ಟು ಹತ್ತಿರವೆಂದು ಹೀಗೇ ಅಂದಾಜು ಮಾಡುವರು. ರೋಗಿ ಕೈ ಊರದೆ ಎದ್ದು ನಿಲ್ಲುವನೇ, ಹಿಡಿತ ಹೇಗಿದೆ, ಉಸಿರು ಹೇಗಿದೆ ಎಂದು ನೋಡುವರು. ಅಪಾಯವೆನಿಸಿದರೆ ಮಂಚಕ್ಕೆ ಕೆಂಪು ಪಟ್ಟಿ, ಮಕ್ಕಳಿಗೆ ಕರೆ.

ಗಂಗಾಧರಪ್ಪನವರ ಮಂಚಕ್ಕೆ ಪಟ್ಟಿ ಬಿತ್ತು. ಅದೇ ಮಹಾನಗರದ ಟಿ. ನಗರದಲ್ಲಿದ್ದ ಮಗಳು ಜ್ಯೋತಿಗೆ ಕರೆ ಹೋಯಿತು. ಊರ್ಮಿಳಾ ಪೊಲೀಸರನ್ನೂ ಕರೆಸಿದರು.

*

"ನಿನ್ನೆ ಸಂಜೆ ತಾವೇ ಎದ್ದು ನಿಂತಿದ್ರು. ನನ್ನ ಬೆರಳು ನೋಯೋ ಹಾಗೆ ಹಿಸುಕಿದ್ರು. ಭಯವಿಲ್ಲ, ಯಾರನ್ನೂ ಕರೆಸಬೇಕಿಲ್ಲ ಅಂತ ನಾನೇ ಅವರ ಮನೆಯವರಿಗೆ ಹೇಳಿದೆ" ಎಂದರು ಊರ್ಮಿಳಾ.

"ಒಂದೇ ರಾತ್ರೀಲಿ ಕೆಡಬಾರದೇ?" ಎಂದರು ಇನ್‌ಸ್ಪೆಕ್ಟರ್ ಶಿವರಂಜನ್.

"ಕಾಯಿಲೆ ಏರಿದ್ರೆ ಸಾಮಾನ್ಯವಾಗಿ ಉಸಿರು ಓಡುತ್ತೆ ಸಾರ್. ಇವರದು ತೆವಳ್ತಿದೆ. ಹೊಟ್ಟೆ ತೊಳೆದಾಗ ಮಾತ್ರೆಯ ಪುಡಿ ಬಂತು. ನಿದ್ದೆ ಮಾತ್ರೆಯೇ ಇರಬೇಕು. ನಾವು ಕೊಟ್ಟದ್ದಲ್ಲ."

"ಉಳೀತಾರಾ?"

"ಈಗಲೇ ಹೇಳಲಾರೆ."

ನರ್ಸ್ ಸೆಲ್ವಿ ಅಳುತ್ತಿದ್ದಳು. "ಡ್ರಿಪ್ಪು ಮಟ್ಟುಂ ದಾನ್ ಸಾರ್. ವೇರೆ ಒಣ್ಣುಂ ಇಲ್ಲೆ!"

ಡ್ರಿಪ್ ಬಿಟ್ಟು ಬೇರೇನೂ ಕೊಟ್ಟಿಲ್ಲವೆಂಬ ಆ ಮಾತನ್ನು ಶಿವರಂಜನ್ ನಂಬಿದರು. ಡ್ರಿಪ್ ಸೇರುವುದು ರಕ್ತಕ್ಕೆ. ಪುಡಿ ಸಿಕ್ಕಿದ್ದು ಹೊಟ್ಟೆಯಲ್ಲಿ.

*

ಗಂಗಾಧರಪ್ಪನವರ ಹೆಂಡತಿ ಬಸವಣ್ಣೆಮ್ಮ ಗಂಡನ ಪಾದ ಹಿಡಿದು ಕುಳಿತಿದ್ದರು. ಕಣ್ಣು ಮಾತ್ರ ಬಾಗಿಲ ಮೇಲಿತ್ತು.

"ಸ್ಕ್ಯಾನ್ ಅದ ಅಂತ ರಾತ್ರಿಯಿಂದ ಹನಿ ನೀರೂ ಮುಟ್ಟಿಲ್ರೀ ಸಾಹೇಬ್ರ. ನರ್ಸ್ ಬಿಟ್ರ ಯಾರೂ ಹತ್ರ ಬಂದಿಲ್ಲ. ನಾ ಇಲ್ಲೇ ಅದೀನಿ."

ರೋಗಿಯ ಹಣೆಯ ಮೇಲೆ ವಿಭೂತಿ ಹೊಸದಾಗಿತ್ತು.

"ಬೆಳಿಗ್ಗೆ ಲಿಂಗಪೂಜೆ ಆಯ್ತಾ ಅಮ್ಮ?"

"ಆಗದ ಇರ್ತದೇನ್ರೀ? ಜ್ವರದಾಗೂ ಬಿಟ್ಟವರಲ್ಲ."

"ಪಾದೋದಕ?"

ಬಸವಣ್ಣೆಮ್ಮ ಗಂಡನ ಪಾದದ ಮೇಲಿನ ಹೊದಿಕೆ ಸರಿಮಾಡತೊಡಗಿದರು.

"ನಮ್ಮಜ್ಜಿಯೂ ಉಪವಾಸದ ದಿನ ಹನಿ ನೀರೂ ಮುಟ್ಟಿಲ್ಲ ಅಂತಲೇ ಹೇಳ್ತಿದ್ದಳು. ಲಿಂಗಕ್ಕೆ ಎರೆದ ತೀರ್ಥ ಅವಳಿಗೆ ನೀರಾಗಿರಲಿಲ್ಲ. ನೀವು ಸುಳ್ಳಾಡಲಿಲ್ಲ ಅಮ್ಮ. ಆದರೆ ಇವರು ಕುಡಿದದ್ದು ಅದೊಂದೇ. ಅದನ್ನು ಕೈಗೆ ಬಿಟ್ಟವರು ನೀವು."

ಮುದುಕಿ ಸೆರಗನ್ನು ಬಾಯಿಗೊತ್ತಿಕೊಂಡರು.

"ಅದರಾಗ ಹಾಕಿದ್ದು ನನ್ನ ನಿದ್ದಿ ಗುಳಿಗೀರಿ. ಮಗಳು ಮದುವಿ ವಿಷಯಕ್ಕ ಮುನಿಸಕೊಂಡು ಹೋದಾಕಿ, ಇದೇ ಊರಾಗ ಅದಾಳ. ಬಸ್ಸಿನ ಸಪ್ಪಳ ಕೇಳಿದ್ರ ಆಕೀನೇ ಬಂದ್ಳು ಅನಸ್ತದ. ಭಯ ಇಲ್ಲ ಅಂದ್ರ ಯಾಕ ಬರ್ತಾಳ? ಕೆಂಪು ಪಟ್ಟಿ ಬಿದ್ರ ಆಸ್ಪತ್ರಿಯವರೇ ಕರೀತಾರ ಅಂದುಕೊಂಡೆ."

"ಸತ್ತಿದ್ದರೆ?"

"ಅಷ್ಟಕ್ಕ ಜೀವ ಹೋಗ್ತದ ಅಂತ ತಿಳೀಲಿಲ್ರೀ. ಶಿವನ ತೀರ್ಥ ಕೆಡಿಸಿದೆ. ಯಾವ ಬಾಯಿಲೆ ಅವನ ಹೆಸರು ಹೇಳಲಿ?"

ಅಷ್ಟರಲ್ಲಿ ಮಂಚದ ತಲೆಯ ಕಡೆಯಿಂದ ಊರ್ಮಿಳಾ ಕೂಗಿದರು. "ಬೆರಳು ಹಿಡಿದರು ಸಾರ್! ಉಸಿರೂ ಏರ್ತಿದೆ. ಉಳಿದರು."

ಬಸವಣ್ಣೆಮ್ಮ ಗಂಡನ ಪಾದಕ್ಕೆ ಹಣೆಯಿಟ್ಟು ಅತ್ತರು. ಆಮೇಲೆ ಶಿವರಂಜನ್‌ಗೆ ಕೈಮುಗಿದರು. "ಇವರು ಉಳದಾರ ಅಂತ ಆಕೀಗೆ ಈಗ ಹೇಳಬ್ಯಾಡ್ರಿ. ಬಾಗಲಾ ದಾಟಿ ಬರಲಿ. ಆಮ್ಯಾಲ ಎಲ್ಲಿಗಿ ಕರದ್ರೂ ಬರ್ತೀನಿ."

ಅವರ ಮಡಿಲಲ್ಲಿದ್ದ ಫೋನ್ ಬಡಿದುಕೊಂಡಿತು. ಶಿವರಂಜನ್ ತೆಗೆದುಕೊಂಡು, ತಾವು ಪೊಲೀಸಿನವರೆಂದರು.

"ಅಪ್ಪಾ ಎಪ್ಪಡಿ ಇರುಕ್ಕಾರ್?" ಅಪ್ಪ ಹೇಗಿದ್ದಾರೆಂದು ತಮಿಳಿನಲ್ಲಿ ಕೇಳಿದ ಜ್ಯೋತಿಯ ದನಿ. ಹಿಂದೆ ಆಟೋ ಹಾರ್ನುಗಳು.

ಸುಳ್ಳು ಹೇಳಲು ಅವರಿಗೆ ನಾಲಗೆ ಏಳಲಿಲ್ಲ. "ಉಳಿದರಮ್ಮ. ಅಪಾಯ ದಾಟಿದೆ."

ಈ ಸಲ ಆ ಕಡೆಯಿಂದ ಕನ್ನಡ ಕೇಳಿಸಿತು.

"ಆದ್ರೂ ಬರ್ತಿದೀನಿ ಸಾರ್. ಬಾ ಅಂತ ಅಮ್ಮ ಒಂದು ಸಲ ಅಂದಿದ್ರೆ ಯಾವತ್ತೋ ಬರ್ತಿದ್ದೆ."

ಶಿವರಂಜನ್ ಫೋನನ್ನು ಮುದುಕಿಯ ಕಿವಿಗೆ ಹಿಡಿದರು.

"ನೀವೇ ಹೇಳಿ ಅಮ್ಮ."

"ಬಾರವ್ವಾ" ಎಂದರು ಬಸವಣ್ಣೆಮ್ಮ.