ಎಡಿನ್‌ಬರೋದ ಮೂರನೇ ಅಂತಸ್ತು

ಬೆಳಗಿನ ನಾಲ್ಕನೇ ರೊಟ್ಟಿ ಬಡಿಯುತ್ತಿದ್ದ ಸುಗಲಾಬಾಯಿಯ ಕೈ ಅರ್ಧಕ್ಕೇ ನಿಂತಿತು. ಬಾಗಿಲಲ್ಲಿ ಕೋಟು ತೊಟ್ಟ ಅಪರಿಚಿತನೊಬ್ಬ ನಿಂತಿದ್ದ.

"ಅಡಗಿ ಮನ್ಯಾಗ ಒಲಿ ಯಾವ ದಿಕ್ಕಿಗಿದ್ರ ಛಲೋರಿ?"

ಇದೆಂಥ ಪ್ರಶ್ನೆ! ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ, ನೇರ ಒಲೆಗೇ ಬಂದನಲ್ಲ!

"ಯಾರ ಮನಿ ಒಲಿರಿ?"

"ನಂದರಿ. ಮನಿ ಇನ್ನಾ ಕೊಂಡಿಲ್ಲ."

ನಗು ತಡೆಯಲು ಸುಗಲಾ ಬಾಯಿಗೆ ಕೈ ಒತ್ತಿದಳು. ಜೋಳದ ಹಿಟ್ಟು ಗಲ್ಲಕ್ಕೆ ಮೆತ್ತಿತು. ಅವನು ಅದನ್ನೇ ನೋಡಿದ... ಆಕೆ ಕಣ್ಣು ಕೆಳಗಿಳಿಸಿದಳು. ಅಷ್ಟರಲ್ಲಿ ಹಂಚಿನ ಮೇಲಿದ್ದ ರೊಟ್ಟಿ ಸೀದೇ ಹೋಯಿತು!

ಅವನು ಮನ್ಮಥಪ್ಪ, ದನದ ಡಾಕ್ಟರು. ನಿಜಾಮರ ಕುದುರೆ ಲಾಯದಲ್ಲಿ ಕೆಲಸ ಕಲಿತು, ಆಮೇಲೆ ಸ್ಕಾಟ್‌ಲೆಂಡಿನ ಎಡಿನ್‌ಬರೋ ಎಂಬ ಹಳೆಯ ಪಟ್ಟಣದಲ್ಲಿ ಓದಿ, ಅಲ್ಲಿಯೇ ನೌಕರಿ ಹಿಡಿದಿದ್ದ. ಈಗ ರಜೆಗೆಂದು ತಾಂಡೂರಿಗೆ ಬಂದಿದ್ದ. ಎಡಿನ್‌ಬರೋದಲ್ಲಿ ಎರಡು ಕಲ್ಲಿನ ಮನೆ ನೋಡಿಟ್ಟಿದ್ದ, ಒಂದನ್ನು ಆರಿಸಿ ತಂತಿ ಕಳಿಸಬೇಕಿತ್ತು. ಕಲ್ಲಿನ ಮನೆಯ ಮಾತು ಬಂದರೆ ಊರಿನವರೆಲ್ಲ ಕೇಳುವುದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿ ವೀರಪ್ಪನನ್ನು, ಅಂದರೆ ಸುಗಲಾಳ ತಂದೆಯನ್ನು.

"ಅಪ್ಪ ಶಿವಪೂಜಿಗೆ ಕುಂತಾರ. ಏಳೂತನಕ ಮಾತಾಡಂಗಿಲ್ಲ."

"ಹಂಗಾರ ನೀವ ಹೇಳ್ರಿ. ಒಲಿ ಮುಂದ ಕೂಡೋರು ನೀವಲ್ಲಾ?"

ಅವತ್ತು ಶುರುವಾದ ಮಾತು ನಿಲ್ಲಲಿಲ್ಲ. ಮನ್ಮಥಪ್ಪ ಎರಡು ದಿನಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಮನೆಯ ನಕ್ಷೆ ಹರಡುತ್ತಿದ್ದ.

"ಒಂದ ಮೆಟ್ಟಲ ಸಾಲಿಗೆ ಎಂಟ ಸಂಸಾರರೀ! ಜಗಳ ಆಗಂಗಿಲ್ಲೇನು?" ಎಂದಳು ಸುಗಲಾ ನಕ್ಷೆ ನೋಡಿ.

"ಮೆಟ್ಟಲ ತೊಳಿಯೋದು ವಾರಕ್ಕೊಬ್ಬರ ಸರದಿ. ತಪ್ಪಿದ್ರ ಎದುರಿನ ಮುದುಕಿ ಬಾಗಲಾ ಬಡಿತಾಳ."

"ಅಯ್ಯ, ನಮ್ಮ ಲಚ್ಚಮ್ಮತ್ತಿ ಅಲ್ಲೂ ಅದಾಳ ಹಂಗಾರ!"

ಪಕ್ಕದ ಮನೆಯ ಲಚ್ಚಮ್ಮ ಗೋಡೆಯಾಚೆಯಿಂದ ಕೆಮ್ಮಿದಳು. ಮನ್ಮಥಪ್ಪ ಬಿದ್ದು ಬಿದ್ದು ನಕ್ಕ. ಕಂಬದ ಹಿಂದೆ ನಿಂತಿದ್ದ ಸುಗಲಾಳ ಮಗಳು ಚನ್ನಿ ಏನೋ ಕೇಳಲು ಬಾಯಿ ತೆರೆದಳು, ನಾಚಿ ಮುಚ್ಚಿದಳು.

ಬೆಳಗಿನ ಬಿಸಿಲು ಅಡುಗೆಮನೆಗೇ ಬೀಳುವ ಮೂರನೇ ಅಂತಸ್ತಿನ ಮನೆಯನ್ನು ಸುಗಲಾಳೇ ಆರಿಸಿದಳು. ಆ ಕಿಟಕಿಯ ಹತ್ತಿರ ನಿಲ್ಲುವ ಹೆಣ್ಣು ಯಾರೋ... ಎಂದುಕೊಂಡು ನಕ್ಷೆಯನ್ನು ಬೇಗ ಮಡಚಿಟ್ಟಳು.

ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಉಡಕಿಯ ಸೀರೆ ಉಟ್ಟು ಎರಡನೇ ಸಂಸಾರ ಹೂಡಲು ಅವರ ಮಂದಿಯಲ್ಲಿ ಅಡ್ಡಿಯಿರಲಿಲ್ಲ. ಆದರೆ ಕೇಳಿ ಬಂದವರೆಲ್ಲ ಒಂದೇ ಮಾತು ಹೇಳಿದ್ದರು: "ಕೂಸು ಅಜ್ಜನ ಮನ್ಯಾಗ ಇರಲಿ." ಆರು ವರ್ಷದ ಚನ್ನಿಯನ್ನು ಬಿಟ್ಟು ಹೋಗುವುದೇ? ಬಂದವರಿಗೆಲ್ಲ ನೀರು ಕೊಟ್ಟು ಕಳಿಸಿದ್ದಳು ಸುಗಲಾ.

ಒಂದು ದಿನ ಮನ್ಮಥಪ್ಪ ವೀರಪ್ಪನಿಗೆ ಹೇಳಿದ, "ಮನಿ ಆತ್ರಿ ಸಾವಕಾರ್ರ! ಅಲ್ಲಿ ಚೌಕಾಸಿ ಇಲ್ಲ. ಬೇಕಾದವ್ರು ಲಕೋಟಿಯೊಳಗ ಬೆಲಿ ಬರದು ಕೊಡತಾರ. ಮನಿ ಮಾಲಕ್ರು ಒಡದು ನೋಡಿ, ಒಪ್ಪಿದ್ರ ಕೊಡತಾರ."

ಆಮೇಲೆ ಕೋಟಿನಿಂದ ಒಂದು ಲಕೋಟೆ ತೆಗೆದ. ಅವನ ಕಿವಿ ಕೆಂಪಾಗಿತ್ತು. "ಇದು ನಿಮ್ಮ ಕಡಿ ಇರಲಿ. ಹತ್ತ ದಿನ ಬಿಟ್ಟು ಬರತೀನ್ರಿ."

ವೀರಪ್ಪ ಅದನ್ನು ಕಣ್ಣಿಗೊತ್ತಿ, ಮಡಿಬಟ್ಟೆಯಲ್ಲಿ ಸುತ್ತಿ, ಸಂದೂಕದಲ್ಲಿಟ್ಟು ಬೀಗ ಹಾಕಿದ.

ಹೇಳಿದಂತೆಯೇ ಹತ್ತು ದಿನ ಅವನು ಇತ್ತ ಸುಳಿಯಲಿಲ್ಲ.

"ಡಾಕ್ಟರಿಗೆ ನಾರಾಯಣಖೇಡದಾಗ ಹೆಣ್ಣ ನೋಡ್ಯಾರಂತ," ಎಂದಳು ಲಚ್ಚಮ್ಮ.

ಮನೆ ಸಿಕ್ಕಿತು, ನನ್ನಿಂದ ಆಗಬೇಕಾದ ಕೆಲಸ ಮುಗಿಯಿತು... ಎಂದುಕೊಳ್ಳುತ್ತ ಸುಗಲಾ ಬಡಿದ ರೊಟ್ಟಿ ಅವತ್ತು ಒಂದೂ ಉಬ್ಬಲಿಲ್ಲ.

ಹನ್ನೊಂದನೇ ದಿನ ಟಾಂಗಾ ಬಂದು ನಿಂತಿತು. ಮೇಲೆ ಟ್ರಂಕು. ಮನ್ಮಥಪ್ಪನ ಮುಖ ಬಾಡಿತ್ತು.

"ಮುಂಬೈಗೆ ಹೊಂಟೀನ್ರಿ ಸಾವಕಾರ್ರ. ನಿಮ್ಮ ಮನಸ್ಸಿಗೆ ಬರಲಿಲ್ಲಂದ್ರ... ಇರಲಿ."

"ನಿಲ್ರಿ, ಜೋಪಾನಕ್ಕ ಕೊಟ್ಟ ನಿಮ್ಮ ಅಮಾನತ್ ಮರತ ಹೊಂಟೀರಿ!" ವೀರಪ್ಪ ಲಕೋಟೆ ತಂದು ಹಿಡಿದ.

ಮನ್ಮಥಪ್ಪ ಅದನ್ನು ತಿರುವಿ ನೋಡಿದ. ಅಂಟಿಸಿದ್ದು ಅಂಟಿಸಿದಂತೆಯೇ ಇತ್ತು!

"ಒಡದಿಲ್ಲೇನ್ರಿ?"

"ಛೇ ಛೇ! ಇರಲಿ ಅಂತ ಕೊಟ್ಟಿದ್ದನ್ನ ಒಡಿಯೋ ಮನಿತನಾನ ನಮ್ದು?"

"ಅದು ಅಮಾನತ್ ಅಲ್ರಿ... ನಿಮ್ಮ ಮಗಳನ್ನ ಮದಿವಿಗಿ ಕೇಳಿ ಬರದ ಪತ್ರ!"

ಗೋಡೆಯಾಚೆ ಲಚ್ಚಮ್ಮನ ಕೈಯಿಂದ ತಂಬಿಗೆ ಬಿದ್ದ ಸದ್ದು!

"ಬಾಯಾಗ ಹುಣ್ಣಾಗಿತ್ತೇನ್ರಿ ಡಾಕ್ಟರ್ ಸಾಬ್? ಹೇಳಾಕ ಬರತಿದ್ದಿಲ್ಲ?" ಎಂದ ವೀರಪ್ಪ.

"ಎತ್ತಿನ ಬಾಯಾಗ ಕೈ ಹಾಕಾಕ ಅಂಜಂಗಿಲ್ರಿ. ಈ ಮಾತ ಆಡಾಕ ಇವ್ರ ಮುಂದ ನಾಲಿಗಿನ ಏಳಂಗಿಲ್ಲ," ಎಂದ ಮನ್ಮಥಪ್ಪ, ಸುಗಲಾಳ ಕಡೆ ನೋಡುತ್ತ.

ವೀರಪ್ಪ ನಕ್ಕು ಮಗಳ ಕಡೆ ತಿರುಗಿದ. "ನಿನ್ನ ಮನಸ್ಸು ನೀನ ಹೇಳವ್ವ."

ಸುಗಲಾಳ ಕಣ್ಣು ತುಂಬಿತು. ಹೌದು ಎನ್ನಲು ಎಷ್ಟು ಆಸೆ! ಆದರೆ...

"ನಾ ಒಬ್ಬಾಕಿ ಅಲ್ರಿ... ಚನ್ನಿ..." ಎಂದು ಕಂಬದ ಕಡೆ ನೋಡಿದಳು.

"ನನಗ ಎರಡ ಕೋಣಿ ಸಾಕಿತ್ತು," ಎಂದ ಮನ್ಮಥಪ್ಪ ಮೆಲ್ಲಗೆ. "ನೀವು ಆರಿಸಿದ ಮೂರು ಕೋಣಿ ಮನಿಗಿ ಯಾಕ ಒಪ್ಪಿದೆ ಅಂದ್ಕೊಂಡ್ರಿ? ಆಕಿನ್ನ ಬಿಟ್ಟು ಬಾ ಅನ್ನೋನು ನಾ ಅಲ್ಲ, ಸುಗಲಾ."

ಮೊದಲ ಸಲ ಬರೀ ಹೆಸರು ಹಿಡಿದು ಕರೆದಿದ್ದ!

"ಬರತೀನ್ರಿ," ಎಂದಳು. ಅತ್ತಳು. ನಕ್ಕಳು. "ಮೆಟ್ಟಲ ತೊಳಿಯೋ ಸರದಿ ಮಾತ್ರ ನಿಮ್ದು!"

"ಒಪ್ಪಿದೆ! ಏ ಯಂಕಪ್ಪ, ಟ್ರಂಕ್ ಇಳಸು!" ಎಂದು ಟಾಂಗಾದವನನ್ನು ಕೂಗಿದ. "ಟಿಕೇಟ್ ಮುಂದಿನ ಹಡಗಿಗಿ ಬದಲ ಮಾಡಸತೀನಿ. ಒಂದಲ್ಲ, ಮೂರು!"

ಅಷ್ಟರಲ್ಲಿ ಯಾರೋ ಅವನ ಕೋಟಿನ ತುದಿ ಜಗ್ಗಿದರು. ಚನ್ನಿ! ಈ ಸಲ ಕಂಬದ ಹಿಂದೆ ಓಡಲಿಲ್ಲ. ಮನ್ಮಥಪ್ಪ ಮೊಣಕಾಲೂರಿ ಆಕೆಯ ಎದುರು ಕುಳಿತ.

ಚನ್ನಿ ವೀರಪ್ಪನನ್ನು ನೋಡಿದಳು, ಅವ್ವನನ್ನು ನೋಡಿದಳು, ಉಸಿರು ಎಳೆದುಕೊಂಡು ಕೇಳಿಯೇಬಿಟ್ಟಳು:

"ನಾ ಅಜ್ಜಗ ಅಪ್ಪಾ ಅಂತೀನಿ... ಮತ್ತ ನಿಮಗ ಏನಂತ ಕರೀಲಿ?"