ಎರಡನೆಯ ಜಾತಕ

ಪಟ್ಟಿ ಗುಂಯ್‌ಗುಡಲು ಶುರುವಾದಾಗ ಧೃತಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಕೈ ಹಿಡ್ಕೊಳ್ಳಲಾ?" ಎಂದು ಚಿಕಿತ್ಸಾಲಯದ ನರ್ಸ್ ಭವ್ಯಾ ಕೇಳಿದಳು.

"ಹಿಡ್ಕೊಳ್ಳಿ ಅಕ್ಕ."

ಅಂಗೈ ಅಗಲದ, ವೀಳ್ಯದೆಲೆಯಷ್ಟು ತೆಳ್ಳಗಿನ ಪಟ್ಟಿ ಅದು. ಹೊಕ್ಕುಳ ಕೆಳಗಿನಿಂದ ತೊಡೆಸಂದಿಯವರೆಗೆ, ಹತ್ತಿಯ ಒಳಬಟ್ಟೆಯ ಮೇಲೆಯೇ ಮೆತ್ತಗೆ ಕೂತಿತ್ತು. ಅದರೊಳಗೆ ಎಳ್ಳುಕಾಳಿನ ಗಾತ್ರದ ಮುನ್ನೂರು ಸಂವೇದಕಗಳು, ಅಂದರೆ ದೇಹದ ಸಣ್ಣ ಚಲನೆಯನ್ನೂ ಅಳೆಯುವ ಸಾಧನಗಳು. ಪಟ್ಟಿ ಒಂದೊಂದು ಜಾಗಕ್ಕೆ ಒಂದೊಂದು ಬಗೆಯ ಕಂಪನ ಕಳಿಸುತ್ತಿತ್ತು. ಮೊದಲು ದೂರದಲ್ಲಿ ಗೂಡ್ಸ್ ರೈಲು ಹೋದಂತೆ ನಿಧಾನದ್ದು, ಆಮೇಲೆ ದುಂಬಿಯಂತೆ ಚುರುಕಿನದು. ಪ್ರತಿ ಸಲವೂ ಅಲ್ಲಿನ ನರ ಹೇಗೆ ಉತ್ತರ ಕೊಟ್ಟಿತು, ಸ್ನಾಯು ಸಡಿಲಾಯಿತೋ ಬಿಗಿಯಾಯಿತೋ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಧೃತಿಯ ಇನ್ನೊಂದು ಕೈಯಲ್ಲಿ ಒಂದು ರಬ್ಬರ್ ಚೆಂಡು. ಸಾಕೆನಿಸಿದರೆ ಅದನ್ನು ಅಮುಕಿದರಾಯಿತು, ಆ ಕ್ಷಣವೇ ಎಲ್ಲ ನಿಲ್ಲುತ್ತಿತ್ತು.

ಅವಳು ನಾಲ್ಕು ಸಲ ಅಮುಕಿದಳು. ನಾಲ್ಕು ಸಲವೂ ಭವ್ಯಾ, "ಪರವಾಗಿಲ್ಲ, ಅವಸರ ಏನಿಲ್ಲ" ಎಂದಳು.

ಇಪ್ಪತ್ತು ನಿಮಿಷದ ಮೇಲೆ ಗೋಡೆಯ ಪರದೆಯಲ್ಲಿ ನಕ್ಷೆ ಮೂಡಿತು. ಅಂಚಿನಲ್ಲಿ ಹಸಿರು, ಅಲ್ಲಲ್ಲಿ ಹಳದಿ, ನಡುವೆ ದೊಡ್ಡದಾಗಿ ಕೆಂಪು.

"ಕೆಂಪು ಅಂದ್ರೆ ಏನಕ್ಕ?"

"ಅಲ್ಲಿ ಸ್ನಾಯು ಮುಷ್ಟಿ ಹಿಡಿದು ಕೂತಿದೆ ಅಂತ. ಮುಟ್ಟಿದ್ರೆ ನೋವಾಗತ್ತಲ್ಲ, ಅದೇ. ನಿನ್ನ ತಪ್ಪಲ್ಲ ಕಣಮ್ಮ. ಸರಿಹೋಗತ್ತೆ."

ಭವ್ಯಾ ಗೋಡೆಯ ಕಪಾಟಿನ ಅರೆಗಳನ್ನು ಎಳೆದು ತೋರಿಸಿದಳು. ಬೆರಳಿನಷ್ಟು ಸಣ್ಣ ವೈಬ್ರೇಟರ್, ತುದಿ ಬಾಗಿದ್ದು, ದುಂಡು ತಲೆಯದು, ಹೊಳೆಯ ಉರುಟು ಕಲ್ಲಿನಂತೆ ಅಂಗೈಯಲ್ಲಿ ಅಡಗುವಂಥದ್ದು. "ಎಲ್ಲಾ ಒಳ್ಳೇವೇ. ಎಲ್ಲಾ ಎಲ್ಲರಿಗೂ ಅಲ್ಲ. ಸದ್ಯಕ್ಕೆ ಒಳಗಿಡುವಂಥದ್ದು ನಿನಗೆ ಬೇಡ. ಈ ಅಗಲ ತಲೆಯದು, ಹೊರಗಿನಿಂದ ಮಾತ್ರ, ಕಮ್ಮಿ ವೇಗ. ನೀರಿನಂಶದ ಜೆಲ್ ಹಚ್ಕೋಬೇಕು. ಜೊತೆಗೆ ಉಸಿರಿನ ವ್ಯಾಯಾಮ. ಮೂರು ತಿಂಗಳಿಗೆ ಇನ್ನೊಂದು ಸಲ ನಕ್ಷೆ ತೆಗೆದು ನೋಡೋಣ."

"ನಾನು ಫೋಟೋ ನೋಡಿ ಆನ್‌ಲೈನಲ್ಲಿ ಒಂದು ತರಿಸಿದ್ದೆ ಅಕ್ಕ. ಜೀವ ಹೋಗೋಷ್ಟು ನೋವಾಯ್ತು. ಗೋಧಿಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟೆ." ಧೃತಿ ಮೊದಲ ಬಾರಿ ನಕ್ಕಳು. "ಅಮ್ಮ ಅದನ್ನ ಮಿಕ್ಸಿ ಪಾರ್ಟು ಅಂದ್ಕೊಂಡು ತೊಳೆದು ಮಿಕ್ಸಿ ಪಕ್ಕದಲ್ಲೇ ಇಟ್ಟಿದ್ದಾರೆ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಭವ್ಯಾ ನಕ್ಷೆಯನ್ನು ಕಾಗದಕ್ಕಿಳಿಸಿ, ಲಕೋಟೆಗೆ ಹಾಕಿ, ಅಂಟಿಸಿ, ಎಲ್ಲರಿಗೂ ಹೇಳುವ ಮಾತನ್ನೇ ಅವಳಿಗೂ ಹೇಳಿದಳು.

"ಜಾತಕದ ಜೊತೆ ಇಡು. ಆ ಫೈಲನ್ನ ಯಾರೂ ಸುಮ್ಮನೆ ತೆಗೆಯೋದಿಲ್ಲ, ಯಾರೂ ಬಿಸಾಕೋದೂ ಇಲ್ಲ."

ಭದ್ರಾವತಿಯ ಈ ಚಿಕಿತ್ಸಾಲಯಕ್ಕೆ ಆಗ ನಾಲ್ಕು ವರ್ಷ. ಪಟ್ಟಿಯನ್ನು ಕಂಡುಹಿಡಿದ ಸಿಂಚನಾ ಮೊದಲು ವಿದ್ಯುದಾಗಾರದ ಯಂತ್ರಗಳ ಕಂಪನ ಅಳೆಯುತ್ತಿದ್ದ ಇಂಜಿನಿಯರ್. ಓಡುವ ಯಂತ್ರದ ನಡುಕ ಕೇಳಿಯೇ ಯಾವ ಬೇರಿಂಗು ಬಿಗಿಯಾಗಿದೆ, ಯಾವುದು ಸವೆದಿದೆ ಎಂದು ಬಿಚ್ಚದೆಯೇ ಹೇಳಬಲ್ಲವಳಾಗಿದ್ದಳು. ಅವಳ ತಾಯಿಗೆ ಗರ್ಭಕೋಶದ ಕ್ಯಾನ್ಸರ್ ಆಗಿ, ವಿಕಿರಣ ಚಿಕಿತ್ಸೆಯ ನಂತರ ಕೂತರೆ ನೋವು ನಿಂತರೆ ನೋವು ಎನ್ನುವ ಸ್ಥಿತಿ ಬಂದಾಗ, ಕಬ್ಬಿಣಕ್ಕೆ ಸಲ್ಲುವ ಉಪಚಾರ ಮೈಗೇಕೆ ಸಲ್ಲಬಾರದು ಎಂದು ಯೋಚಿಸಿದಳು. ತಾಯಿ ಉಳಿಯಲಿಲ್ಲ, ಪಟ್ಟಿ ಉಳಿಯಿತು.

ಹೆರಿಗೆಯ ಹೊಲಿಗೆಯಲ್ಲಿ ಬಳಲಿದವರು ಬಂದರು, ಮುಟ್ಟು ನಿಂತವರು ಬಂದರು, ಬಸ್ ಕಂಡಕ್ಟರು, ಹೆಡ್ಮಿಸ್ಸು, ಎಪ್ಪತ್ತರ ಅಜ್ಜಿ. ಒಬ್ಬ ಗಂಡ ಹೆಂಡತಿಯನ್ನು ಕರೆತಂದು, ಅವಳಿಗೆ ಮುಜುಗರವಾಗದಿರಲೆಂದು ಬಿಸಿಲಿನಲ್ಲಿ ರಸ್ತೆಯಾಚೆ ಹೋಗಿ ನಿಂತಿದ್ದ. ಐವತ್ತೈದರ ಭವ್ಯಾ ಇಂಥವನ್ನು ಮರೆಯುತ್ತಿರಲಿಲ್ಲ.

ಮೊದಲಿಗೆ ನಕ್ಷೆಯನ್ನು ಫೋನಿಗೇ ಕಳಿಸುತ್ತಿದ್ದರು. ಫೋನನ್ನು ಮನೆಮಂದಿಯೆಲ್ಲ ನೋಡುತ್ತಾರೆ, ಕಾಗದದಲ್ಲಿ ಕೊಡಿ ಎಂದು ಹೆಂಗಸರೇ ಕೇಳಿಕೊಂಡರು. ಎಲ್ಲಿಡಲಿ ಎಂದು ಕಂಗಾಲಾದವರಿಗೆ ಜಾತಕದ ಉಪಾಯ ಹೇಳಿದವಳು ಭವ್ಯಾ. ಮದುವೆಯಾಗದ ಹುಡುಗಿಯರ ಮನೆಯಲ್ಲಿ, ಊರಿಂದೂರಿಗೆ ಪರರ ಕೈಗೆ ಹೋಗುವ ಫೈಲು ಅದೊಂದೇ ಎಂದು ಅವಳಿಗೆ ಹೊಳೆದಿರಲಿಲ್ಲ.

ಎಲ್ಲೋ ಒಂದು ಮನೆಯ ಲಕೋಟೆ ಜಾತಕದ ಜೊತೆ ಸೇರಿ ಗಂಡಿನ ಕಡೆಗೆ ಹೋಯಿತು. ಯಾರೋ ಬಿಡಿಸಿದರು. ಯಾರೋ ಬಣ್ಣಗಳಿಗೆ ಅರ್ಥ ಹಚ್ಚಿದರು. ಹಸಿರಿದ್ದರೆ ಹುಡುಗಿ ತಂಪು, ಹಳದಿಯಾದರೆ ಪರವಾಗಿಲ್ಲ, ಕೆಂಪಾದರೆ ಬಿಸಿ, ಮೊದಲೇ ಎಲ್ಲ ತಿಳಿದವಳು. ಎರಡು ತಿಂಗಳೊಳಗೆ ಸಂಬಂಧ ಕುದುರಿಸುವವರು ಮಾಮೂಲಿನಂತೆ ಕೇಳತೊಡಗಿದರು: "ಎರಡನೇ ಜಾತಕ ಇದೆಯಾ?" ತರೀಕೆರೆಯಲ್ಲಿ ಒಂದು ನಿಶ್ಚಿತಾರ್ಥ ಮುರಿಯಿತು. ಕಡೂರಿನ ಹುಡುಗಿಯೊಬ್ಬಳು ಕೆಲಸಕ್ಕೆ ಹೋಗುವುದನ್ನೇ ಬಿಟ್ಟಳು. ಅಂಥ ಸುದ್ದಿಗಳೆಲ್ಲ ಭವ್ಯಾಳ ಕಿವಿಗೆ ಬಿದ್ದವು. ಇನ್ನು ಲಕೋಟೆ ಕೊಡುವುದಿಲ್ಲ ಎಂದು ನಿರ್ಧರಿಸಿದಳು. ಕೊಟ್ಟವುಗಳನ್ನು ವಾಪಸು ತರುವುದು ಹೇಗೆ?

ಹೀಗಿರುವಾಗ ಒಂದು ಸೋಮವಾರ ಪವಿತ್ರಮ್ಮ ಬಂದರು. ಅರವತ್ತೊಂದರ ಹೆಂಗಸು, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಒಂದು ಮೊಳ ಮಲ್ಲಿಗೆ. ಹೂವನ್ನು ಭವ್ಯಾಳ ಕೈಗಿಟ್ಟು, "ಮುಡ್ಕೊಳ್ಳಮ್ಮ, ನಮ್ಮ ಬಳ್ಳೀದು" ಎಂದರು. ಆಮೇಲೆ ಕೂತು ಫೋನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಧೃತಿಯ ನಕ್ಷೆ.

"ನಾನು ಪ್ರಣವನ ಸೋದರತ್ತೆ. ಧೃತೀನ ಅವನಿಗೆ ತಂದ್ಕೊಳ್ತಾ ಇದ್ದೀವಿ. ಅವರಮ್ಮ ಜಾತಕದ ಫೈಲು ಪೂರ್ತಿ ಸ್ಕ್ಯಾನ್ ಮಾಡಿ ಕಳಿಸಿದ್ರು. ಪಾಪ, ಒಳಗೇನಿದೆ ಅಂತ ಅವರಿಗೇ ಗೊತ್ತಿಲ್ಲ. ನನಗೆ ಇದು ಓದಕ್ಕೆ ಬರತ್ತೆ. ಆದ್ರೂ ಇಷ್ಟು ಕೆಂಪು ನೋಡಿರಲಿಲ್ಲ. ಏನಮ್ಮ ಇದು?"

ಭವ್ಯಾ ಯೋಚಿಸಿದಳು. ಕೆಂಪೆಂದರೆ ನೋವು ಎಂದು ಹೇಳಿಬಿಟ್ಟರೆ, ಹುಡುಗಿಯಲ್ಲಿ ಐಬಿದೆ ಎಂದು ನಾಳೆಯೇ ಊರೆಲ್ಲ ತಿಳಿಯುತ್ತದೆ. ಧೃತಿ ತಾಯಿಗೂ ಹೇಳದ ಗುಟ್ಟು ಅದು. ಹೇಳದೆ ಬಿಟ್ಟರೆ ಅವರು ಅಂದುಕೊಂಡದ್ದೇ ಖಾತ್ರಿಯಾಗುತ್ತದೆ. ಯಾವ ಕಡೆ ಹೆಜ್ಜೆಯಿಟ್ಟರೂ ಹುಡುಗಿಯ ಮೇಲೆಯೇ ಕಾಲು.

"ಅದು ಅವಳ ವಿಷಯ ಅಮ್ಮ. ನಾನು ಹೇಳೋ ಹಾಗಿಲ್ಲ."

"ಹೇಳಲ್ಲ ಅಂದ್ರೆ ಹೇಳಿದ ಹಾಗೇ ಅಲ್ವಾ?" ಪವಿತ್ರಮ್ಮ ಮೃದುವಾಗಿಯೇ ನಕ್ಕರು. "ಗುರುವಾರ ಬರ್ತೀನಿ. ಯೋಚನೆ ಮಾಡಿಟ್ಟಿರು. ಶುಕ್ರವಾರ ಹಿರಿಯರೆಲ್ಲ ಸೇರ್ತಾರೆ."

ಅವರು ಹೋದ ಮೇಲೆ ಭವ್ಯಾ ಒಳಕೋಣೆಗೆ ಹೋಗಿ ಎಲ್ಲವನ್ನೂ ಸಿಂಚನಾಳಿಗೆ ಹೇಳಿದಳು. ಕೈಯಲ್ಲಿ ಇನ್ನೂ ಆ ಹೂವಿತ್ತು, ಅದು ಅವಳಿಗೇ ಗೊತ್ತಿರಲಿಲ್ಲ.

"ನನ್ನಿಂದಾನೇ ಆಗಿದ್ದು ಮೇಡಂ."

"ನಿಮ್ಮೊಬ್ಬರಿಂದ ಹೇಗೆ? ಪಟ್ಟಿಗೆ ನೆನಪು ಕೊಟ್ಟವಳು ನಾನು." ಸಿಂಚನಾ ಒಂದು ಪತ್ರವನ್ನು ಮುಂದೆ ತಳ್ಳಿದಳು. ದೊಡ್ಡ ವಧೂವರ ಸಂಸ್ಥೆಯೊಂದರದು. ನಿಮ್ಮ ನಕ್ಷೆಗಳನ್ನು ನಮ್ಮ ಕುಂಡಲಿ ಸೇವೆಗೆ ಜೋಡಿಸೋಣ ಎಂಬ ಸವಿನಯ ಕೋರಿಕೆ. "ಹನ್ನೊಂದು ಸಾವಿರ ಹೆಂಗಸರ ಮೈ ನಮ್ಮ ಕಂಪ್ಯೂಟರಲ್ಲಿದೆ ಭವ್ಯಕ್ಕ. ನಾವು ಕೊಡಲ್ಲ ಅಂದ್ರೆ ಅವರೇ ಒಂದು ಪಟ್ಟಿ ಮಾಡ್ಕೋತಾರೆ. ಹೊಲಿಗೆ ಮಷೀನ್ ಮಾಡೋದಕ್ಕಿಂತ ಸುಲಭ ಅದು."

"ಎಲ್ಲಾ ಅಳಿಸಿಬಿಟ್ರೆ?"

"ಅಳಿಸಬಹುದು. ಆಗ ಧೃತಿಗೆ ಎಷ್ಟು ವಾಸಿಯಾಯ್ತು ಅಂತ ಯಾವುದಕ್ಕೆ ಹೋಲಿಸಿ ನೋಡೋದು? ಸಾವಿರಾರು ನಕ್ಷೆ ಹೋಲಿಸಿ ನೋಡಿದ್ರೆ ನನ್ನಮ್ಮನಂಥೋರಿಗೆ ಕ್ಯಾನ್ಸರಿನ ಎಚ್ಚರಿಕೆ ಮೂರು ವರ್ಷ ಮೊದಲೇ ಸಿಗ್ತಿತ್ತು, ಅದೂ ಹೋಗತ್ತೆ." ಸಿಂಚನಾ ಕಿಟಕಿಯ ಕಡೆ ತಿರುಗಿಕೊಂಡಳು.

ಭವ್ಯಾ ಧೃತಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಆ ಕಡೆ ಬರೀ ಉಸಿರು, ಹೇಳಿಕೊಟ್ಟ ವ್ಯಾಯಾಮದಂತೆ ಎಣಿಸಿ ಎಣಿಸಿ ಬಿಡುವ ಉಸಿರು. ಆಮೇಲೆ, "ಗುರುವಾರ ನಾನೂ ಬರ್ತೀನಿ ಅಕ್ಕ" ಎಂದಳು.

ಗುರುವಾರ ಪವಿತ್ರಮ್ಮ ಒಳಗೆ ಬಂದಾಗ ಧೃತಿ ಆಗಲೇ ಕೂತಿದ್ದಳು. ಎದ್ದು ನಿಂತಳು. 

"ಅತ್ತೆ, ಕೆಂಪು ಅಂದ್ರೆ ಏನು ಅಂತ ನಾನೇ ಹೇಳ್ತೀನಿ. ಮೊದಲು ನೀವು ಒಂದ್ಸಲ ಪಟ್ಟಿ ಹಾಕ್ಕೊಳ್ಳಿ."

"ನಾನಾ? ಹುಚ್ಚಾ ನಿಂಗೆ? ಈ ವಯಸ್ಸಲ್ಲಿ?"

"ಓದಕ್ಕೆ ಬರತ್ತೆ ಅಂದ್ರಂತೆ. ನನ್ನದನ್ನ ಓದೋ ಮೊದಲು ನಿಮ್ಮದನ್ನ ಓದಿ."

ಪವಿತ್ರಮ್ಮನ ಮುಖ ಬಿಗಿಯಿತು. ಭವ್ಯಾ ಒಂದು ಹೆಜ್ಜೆ ಮುಂದೆ ಬಂದು, "ಇಷ್ಟ ಇಲ್ಲ ಅಂದ್ರೆ ಬೇಡ ಅಮ್ಮ. ಇಲ್ಲಿ ಬಲವಂತ ಮಾಡಲ್ಲ" ಎಂದಳು.

"ಬಲವಂತ ಏನ್ ಬಂತು." ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಂದು ಅಚ್ಚ ಹಸಿರು ಬರತ್ತೆ, ನೋಡ್ತಿರು. ಇವಳಿಗೂ ಗೊತ್ತಾಗಲಿ, ಮಾನವಾಗಿ ಬಾಳಿದೋಳು ಹೇಗಿರ್ತಾಳೆ ಅಂತ."

ಕರ್ಟನ್ ಎಳೆದು ಮಲಗಿಸಿದಾಗ ಭವ್ಯಾ ಚೆಂಡನ್ನು ಅವರ ಅಂಗೈಯಲ್ಲಿಟ್ಟು ವಿವರಿಸಿದಳು. ಕೈ ಹಿಡಿದುಕೊಳ್ಳಲಾ ಎಂದರೆ ಬೇಡವೆಂದರು. ಪಟ್ಟಿ ಗುಂಯ್‌ಗುಟ್ಟಿತು. ಒಂದು ನಿಮಿಷ, ಎರಡು ನಿಮಿಷ. ಅವರು ಚಾವಣಿಯನ್ನೇ ನೋಡುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ, ಬ್ಯಾಂಕಿನಲ್ಲಿ ಸರದಿಗೆ ಕೂತವರ ಹಾಗೆ. ಪರದೆಯ ಮೇಲೆ ಮಾತ್ರ ಒಂದು ಕೆಂಪು ಚುಕ್ಕೆ ಹುಟ್ಟಿ, ಬೆಳೆದು, ಅಂಚಿನಿಂದ ಅಂಚಿಗೆ ಹರಡತೊಡಗಿತು. ಇಂಥ ನಕ್ಷೆಯನ್ನು ಭವ್ಯಾ ನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಹೆದರಿ ತಾನೇ ಗುಂಡಿ ಒತ್ತಿ ನಿಲ್ಲಿಸಿದಳು.

"ಇಷ್ಟು ನೋವಾಗ್ತಿದೆ, ಯಾಕಮ್ಮ ಚೆಂಡು ಅಮುಕಲಿಲ್ಲ?"

"ಅಮುಕಬಹುದು ಅಂತ ನೀನು ಹೇಳಿದ್ದೆ." ಪವಿತ್ರಮ್ಮ ಚೆಂಡನ್ನು ನೋಡಿಕೊಂಡರು. "ಅಭ್ಯಾಸ ಇಲ್ಲ."

ಎದ್ದು ಕೂತು ಸೀರೆ ಸರಿಮಾಡಿಕೊಂಡು ಪರದೆಯ ಕಡೆ ತಿರುಗಿದರು. 

"ಇದು ಬಿಸಿ ಅಲ್ವಾ?"

"ಅಲ್ಲಮ್ಮ. ನೋವು."

"ಬರೀ ನೋವಾ?"

"ಬರೀ ನೋವು."

ಅವರು ಧೃತಿಯನ್ನು ನೋಡಿದರು. ಧೃತಿ ಹೌದೆಂದು ತಲೆಯಾಡಿಸಿದಳು. ಹೇಳುತ್ತೇನೆ ಎಂದಿದ್ದನ್ನು ಅವಳು ಹೇಳಬೇಕಾಗಿಯೇ ಬರಲಿಲ್ಲ.

ಪವಿತ್ರಮ್ಮ ಫೋನು ಕೈಗೆತ್ತಿಕೊಂಡು ಆ ಚಿತ್ರವನ್ನು ಅಳಿಸಿದರು. ಅಳಿಸಿದ ಮೇಲೂ ಫೋನನ್ನೇ ದಿಟ್ಟಿಸಿದರು. "ಅಯ್ಯೋ, ಮನೆ ಗ್ರೂಪಿಗೆ ಹಾಕಿಬಿಟ್ಟಿದ್ದೀನಲ್ಲೇ! ಅಣ್ಣ ನೋಡಿದ್ದಾನೆ, ಪುರೋಹಿತರೂ ನೋಡಿದ್ದಾರೆ."

ಧೃತಿ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೊರಗೆ ಬಸ್ಸೊಂದು ಹಾದುಹೋಗಿ ಕಿಟಕಿಯ ಗಾಜು ನಡುಗಿತು. ಭವ್ಯಾಳಿಗೆ ಆ ಸದ್ದಿಗೂ ಭಯವಾಯಿತು.

"ಹಾಳೆ ಮೇಲೆ ಅವಳ ಹೆಸರಿದೆಯಾ?" ಎಂದು ಪವಿತ್ರಮ್ಮ ಕೇಳಿದರು.

"ಇಲ್ಲ. ಬರೀ ನಂಬರ್ ಇರತ್ತೆ."

"ಹಾಗಾದ್ರೆ ಅದು ನಂದು. ನಾನೇ ಇಲ್ಲಿಗೆ ಬಂದು ತೋರಿಸ್ಕೊಂಡಿದ್ದೆ, ನನ್ನ ಫೋನಲ್ಲಿ ಕಲಸಿಹೋಗಿ ಹುಡುಗೀದರ ಜೊತೆ ಬಂತು ಅಂತೀನಿ. ಏನು ಬೇಕಾದ್ರೂ ಅಂದ್ಕೊಳ್ಳಲಿ. ಅರವತ್ತೊಂದರ ಮುದುಕೀದು ಯಾವ ಮದುವೆ ಅಂತ ಮುರೀತಾರೆ?" ನಗಲು ನೋಡಿದರು, ಆಗಲಿಲ್ಲ. "ಪ್ರಣವಂಗೆ ಹೇಳೋದು ಬಿಡೋದು ನಿಂಗೆ ಬಿಟ್ಟಿದ್ದು."

"ನಾನೇ ಹೇಳ್ತೀನಿ ಅತ್ತೆ. ನನ್ನ ಬಾಯಿಂದ."

ಒಳಕೋಣೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ಸಿಂಚನಾ ಆಗಲೇ ಹನ್ನೊಂದು ಸಾವಿರ ನಕ್ಷೆಗಳನ್ನು ಅಳಿಸಿದಳು. ಅದಕ್ಕೆ ಏಳು ನಿಮಿಷ ಹಿಡಿಯಿತು. ತಾಯಿಯ ನಕ್ಷೆ ಮೊಟ್ಟಮೊದಲನೆಯದು, ಅದೂ ಹೋಯಿತು. ಇನ್ನು ಮುಂದೆ ಪಟ್ಟಿ ಅಳೆಯುತ್ತದೆ, ಹೇಳುತ್ತದೆ, ಮರೆಯುತ್ತದೆ. ಯಾರ ಮೈ ಹೇಗಿತ್ತೆಂದು ಅವರವರೇ ನೆನಪಿಟ್ಟುಕೊಳ್ಳಬೇಕು. ವಧೂವರ ಸಂಸ್ಥೆಯ ಪತ್ರ ಮೇಜಿನ ಮೇಲೇ ಇತ್ತು. ಎಲ್ಲೋ ಯಾರೋ ಇನ್ನೊಂದು ಪಟ್ಟಿ ಹೊಲಿಯುತ್ತಿರಬಹುದು, ಮರೆಯದ ಪಟ್ಟಿ. ಭವ್ಯಾ ಆ ಪತ್ರವನ್ನು ಮಗುಚಿಟ್ಟಳು. ಹೆದರಿಕೆ ಮಾತ್ರ ಹೋಗಲಿಲ್ಲ.

ಪವಿತ್ರಮ್ಮ ಬಾಗಿಲ ಬಳಿ ನಿಂತೇ ಇದ್ದರು.

"ನನಗೂ ಯಾವುದಾದ್ರೂ ಆಗತ್ತೇನಮ್ಮ? ಆ ಕಪಾಟಲ್ಲಿ ಇರೋದು?"

"ಯಾಕಾಗಲ್ಲ? ಮೊದಲು ಡಾಕ್ಟರು ನೋಡಲಿ, ಚರ್ಮಕ್ಕೆ ಮುಲಾಮು ಕೊಡ್ತಾರೆ. ಆಮೇಲೆ ಮೆತ್ತನೆ ಅಗಲ ತಲೆಯದು. ಹೊರಗಿಂದ ಮಾತ್ರ, ತೀರಾ ನಿಧಾನದ್ದು. ನೋವಾದ್ರೆ ನಿಲ್ಲಿಸಿಬಿಡೋದು."

"ಮೆತ್ತನೆ ಅಗಲ ತಲೆ. ಹೊರಗಿಂದ. ನಿಧಾನ. ನೋವಾದ್ರೆ ನಿಲ್ಲಿಸೋದು." ಅವರು ಮಗ್ಗಿಯಂತೆ ಒಪ್ಪಿಸಿದರು. ಕೊನೆಯದನ್ನು ಇನ್ನೊಂದು ಸಲ ಹೇಳಿಕೊಂಡರು.

ಆಮೇಲೆ ಚಪ್ಪಲಿ ಹುಡುಕುತ್ತ, ಯಾರಿಗೆಂದಿಲ್ಲದೆ ಹೇಳಿದರು: "ಎರಡು ಸಾವಿರದ ಇಪ್ಪತ್ತಾರರಲ್ಲಿ ನನ್ನ ಮದುವೆ. ಏನು ಕಮ್ಮಿಯಿತ್ತು ಆಗ? ಎಲ್ಲರ ಕೈಯಲ್ಲೂ ಫೋನಿತ್ತು. ಕೇಳಿದ್ದು ನಿಮಿಷದಲ್ಲಿ ಮನೆ ಬಾಗಿಲಿಗೆ ಬರ್ತಿತ್ತು. ಹೃದಯ ಎಷ್ಟು ಸಲ ಬಡಿತು ಅಂತ ಹೇಳೋ ವಾಚು ನನ್ನ ಕೈಯಲ್ಲೇ ಇತ್ತು. ನೋವಾಗ್ತಿದೆಯಾ ಅಂತ ಮಾತ್ರ ಯಾರೂ ಕೇಳಲಿಲ್ಲ. ಅದನ್ನ ಕೇಳೋಕೆ ಪಟ್ಟಿ ಬೇಕಿತ್ತೇನಮ್ಮ?"

 ಧೃತಿ ಬಗ್ಗಿ, ಕುರ್ಚಿಯ ಕೆಳಗೆ ಸೇರಿಕೊಂಡಿದ್ದ ಚಪ್ಪಲಿಯನ್ನು ಅವರ ಕಾಲ ಬಳಿ ಜೋಡಿಸಿಟ್ಟಳು.

ಇಬ್ಬರೂ ಜೊತೆಯಾಗಿ ಬಸ್ ಸ್ಟಾಪಿನ ಕಡೆ ಹೋಗುವುದನ್ನು ಭವ್ಯಾ ಕಿಟಕಿಯಿಂದ ನೋಡಿದಳು. ರಬ್ಬರ್ ಚೆಂಡು ಇನ್ನೂ ಪವಿತ್ರಮ್ಮನ ಕೈಯಲ್ಲೇ ಇತ್ತು. ನಡೆಯುತ್ತ ನಡೆಯುತ್ತ ಅವರು ಅದನ್ನು ಅಮುಕುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಅಮುಕುತ್ತಿದ್ದರು.